ಹಸಿರು ದೀಪ ಹೇಳಿದ ಸುಳ್ಳು

"ನನ್ನ ಟ್ರ್ಯಾಕರ್ ನಿಲ್ಲಿಸೋಕೆ ನೀವ್ಯಾರ್ರೀ?!"

ಲ್ಯಾಪ್‌ಟಾಪನ್ನು ಅವನ ಮೇಜಿನ ಮೇಲೆ ಕುಕ್ಕಿದಳು. ಕೆಳಮಹಡಿಯವರೆಲ್ಲ ತಿರುಗಿ ನೋಡಿದರು. ನೋಡಲಿ!

ಒಂದೇ ಕಂಪನಿ, ಬೇರೆ ಬೇರೆ ಮಹಡಿ. ಎರಡು ವರ್ಷ ಮೆಸೇಜಿನಲ್ಲೇ ಜಗಳವಾಡಿದ ಇಬ್ಬರೂ ಮುಖಾಮುಖಿಯಾದದ್ದು ಇದೇ ಮೊದಲು. ಅವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ಅವಳನ್ನು ಮೆಣಸಿನಕಾಯಿ ಎನ್ನುತ್ತಿದ್ದರು, ಬೆನ್ನ ಹಿಂದೆ ಮಾತ್ರ.

ಕ್ರಿಪ್ಟೋ ನಾಣ್ಯಗಳ ಬೆಲೆಯನ್ನು ಕ್ಷಣಕ್ಷಣಕ್ಕೂ ತಿಳಿಸುವ ಆ ಟ್ರ್ಯಾಕರ್ ಅವಳ ಕೂಸು. ಜನರ ಪರವಾಗಿ ಕೊಳ್ಳುವ, ಮಾರುವ ಎಐ ಏಜೆಂಟುಗಳು ಅದನ್ನು ಕೇಳದೆ ಹೆಜ್ಜೆಯಿಡುತ್ತಿರಲಿಲ್ಲ. ಆ ಏಜೆಂಟುಗಳು ಅವನ ಹೊಣೆ; ಟ್ರ್ಯಾಕರ್ ನಿಲ್ಲಿಸುವ ಅಧಿಕಾರವೂ ಅವನಿಗಿತ್ತು. ನಿಮಿಷಕ್ಕೊಮ್ಮೆ ಅದರ ಆರೋಗ್ಯ ವಿಚಾರಿಸುವ ಹೆಲ್ತ್ ಚೆಕ್ ಕೂಡ ಅವಳೇ ಬರೆದದ್ದು. ಎಲ್ಲ ಸರಿಯಿದ್ದರೆ ಹಸಿರು ದೀಪ.

"ಬೆಳಗ್ಗೆ ನೀವು ನಿಲ್ಲಿಸೋವರೆಗೂ ಹಸಿರೇ ಇತ್ತು! ಕಣ್ಣು ಕಾಣಲ್ವಾ?"

"ಬೆಲೆ ನೋಡಿ," ಎಂದ ಅವನು ಮೆಲ್ಲಗೆ. "ನಿನ್ನೆ ಬೆಳಗ್ಗೆಯಿಂದ ಕದಲಿಲ್ಲ."

ನೋಡಿದಳು. ನಿಜವೇ! ಬೆಲೆ ಬರುವ ದಾರಿಯೇ ಕಟ್ಟಿಹೋಗಿತ್ತು. ಟ್ರ್ಯಾಕರ್ ಹಳೆಯ ಬೆಲೆಯನ್ನೇ ಇಡೀ ದಿನ ಏಜೆಂಟುಗಳಿಗೆ ಒಪ್ಪಿಸಿತ್ತು. ಅವಳ ಚೆಕ್ 'ಇದ್ದೀಯಾ?' ಎಂದು ಕೇಳಿತ್ತು, ಅದು 'ಇದ್ದೀನಿ' ಎಂದಿತ್ತು. ಅಷ್ಟೇ!

ಮೂರು ವಾರದ ಹಿಂದೆ ಎಲ್ಲರಿರುವ ಗ್ರೂಪಿನಲ್ಲಿ ಇವನು ಇದನ್ನೇ ಬರೆದಿದ್ದ... 'ಈ ಚೆಕ್ ಉಸಿರಾಟ ಮಾತ್ರ ನೋಡುತ್ತೆ. ಹೇಳ್ತಿರೋ ಬೆಲೆ ಈಗಿನದ್ದಾ ಅಂತ ಕೇಳಲ್ಲ.' ಅವಮಾನದಲ್ಲಿ ಕುದಿದು, ಅವತ್ತೇ ಅವನನ್ನು ಮ್ಯೂಟ್ ಮಾಡಿದ್ದಳು.

"ನಿನ್ನೆನೇ ಗೊತ್ತಿದ್ದೂ ಬಾಯಿಬಿಡ್ಲಿಲ್ಲ ಅಲ್ವಾ? ನಾನು ಬೀಳೋದನ್ನೇ ಕಾಯ್ತಿದ್ರಿ!"

ಉತ್ತರಕ್ಕೂ ಕಾಯದೆ ಅವಳು ದಡದಡನೆ ಮೆಟ್ಟಿಲು ಹತ್ತಿದಳು.

ಮೇಲೆ ಇಬ್ಬರಿಗೂ ಬಾಸ್ ಆದ ಮೇಡಂ ಕಾಯುತ್ತಿದ್ದರು. "ಮೂರು ಗಂಟೆಗೆ ಮೀಟಿಂಗ್. ತಪ್ಪು ಯಾರದೋ, ಅವರ ಕೈಯಿಂದ ಟ್ರ್ಯಾಕರ್ ತೆಗೀತೀನಿ. ನೀನೇನೂ ಹೆದರ್ಬೇಡಮ್ಮ. ತಪ್ಪು ತನ್ನದೇ ಅಂತ ಮೌನಿ ಬರ್ಕೊಟ್ಟಿದ್ದಾನೆ."

ಏನು?!

ಕೂಸು ಉಳಿಯಿತು. ಖುಷಿಯಾಗಬೇಕಿತ್ತು... ಮೈಯೆಲ್ಲ ಉರಿಯಿತು. 'ದೊಡ್ಡ ಮನುಷ್ಯ! ನನಗೆ ಭಿಕ್ಷೆ ಹಾಕ್ತಾನಾ?' ಚೆನ್ನಾಗಿ ಬೈದು ಬರೆಯೋಣವೆಂದು ಅವನ ಮೆಸೇಜು ತೆರೆದಳು.

ಓದದೆ ಉಳಿದವು ಆರು.

ಐದು ನಿನ್ನೆಯವು. 'ಬೆಲೆ ನಿಂತಿದೆ. ದಯವಿಟ್ಟು ನೋಡಿ.' 'ಏಜೆಂಟುಗಳು ಹಳೇ ಬೆಲೆ ನಂಬ್ತಿವೆ.' 'ನಿಮ್ಮನ್ನ ಕೇಳದೆ ನಿಲ್ಲಿಸೋಕೆ ಮನಸ್ಸಿಲ್ಲ.'...

ಆರನೆಯದು ಮೂರು ವಾರ ಹಳೆಯದು. 'ಎಲ್ಲರ ಮುಂದೆ ಹೇಳಬಾರದಿತ್ತು. ಕ್ಷಮಿಸಿ. ನಿಮ್ಮ ಕೆಲಸ ನಂಗೆ ತುಂಬಾ ಇಷ್ಟ.'

ಕಣ್ಣು ಮಂಜಾಯಿತು. ಸಿಟ್ಟು ಮಾತ್ರ ಇಳಿಯಲಿಲ್ಲ. ಯಾರ ಮೇಲೆ ಎಂಬುದಷ್ಟೇ ಬದಲಾಗಿತ್ತು.

ಮೂರು ಗಂಟೆಗೆ ಮೇಡಂ ಬಾಯಿ ತೆರೆಯುವ ಮೊದಲೇ ಎದ್ದು ನಿಂತಳು.

"ಅವರು ಬರ್ಕೊಟ್ಟಿರೋದು ಸುಳ್ಳು, ಮೇಡಂ. ಚೆಕ್ ನಂದು. ಎಚ್ಚರಿಸಿದವರನ್ನ ಮ್ಯೂಟ್ ಮಾಡಿದ್ದೂ ನಾನೇ."

ಮೇಡಂ ಅವಳನ್ನೇ ದಿಟ್ಟಿಸಿದರು.

"ಹಾಗಾದ್ರೆ ಇವತ್ತಿಂದ ಟ್ರ್ಯಾಕರ್ ಮೌನಿ ನೋಡ್ಕೋತಾನೆ."

ತುಟಿ ಕಚ್ಚಿ ಹೊರಬಂದಳು. ಮೆಟ್ಟಿಲ ತಿರುವಿನಲ್ಲಿ ಅವನು ಓಡಿಬಂದು ಅಡ್ಡ ನಿಂತ.

"ಯಾಕೆ ಹಾಗ್ ಮಾಡಿದ್ರಿ?"

"ನೀವ್ಯಾಕೆ ಮಾಡಿದ್ರಿ? ನನ್ನ ತಪ್ಪು ಹೊರೋಕೆ ನೀವೇನು ನನ್ನ ಗಂಡನಾ?!"

ಅಂದುಬಿಟ್ಟ ಮೇಲೆ ಕಿವಿ ಕೆಂಪಾಯಿತು.

"ತಪ್ಪು ನಂದೂ ಇದೆ," ಎಂದ ಅವನು. "ನಿನ್ನೆ ನಿಮ್ಮ ಮೇಜಿನವರೆಗೂ ಬಂದಿದ್ದೆ. ನೀವು ಫೋನಲ್ಲಿ ಯಾರಿಗೋ ಬೈತಿದ್ರಿ. ವಾಪಸ್ ಹೋದೆ."

"ಅದು ನಮ್ಮಕ್ಕ! ಅವಳಿಗೆ ದಿನಾ ಬೈತೀನಿ! ಅಷ್ಟಕ್ಕೇ ಹೆದರಿದ್ರಾ?"

"ಮೆಸೇಜಿಗೆ ಉತ್ತರ ಇಲ್ಲ... ನನ್ನ ಮುಖ ನೋಡೋಕೂ ಇಷ್ಟ ಇಲ್ಲವೇನೋ ಅನ್ಕೊಂಡೆ. ಎರಡು ವರ್ಷದಿಂದ ನಿಮ್ಮ ಜಗಳಕ್ಕೆ ಕಾಯ್ತಾ ಕೆಲಸಕ್ಕೆ ಬರ್ತಿದೀನಿ. ಅದೂ ನಿಂತುಹೋದ್ರೆ ಏನು ಮಾಡ್ಲಿ?"

ಅಯ್ಯೋ ಮಹಾರಾಯ, ಇದನ್ನು ಮೊದಲೇ ಹೇಳೋಕೇನಾಗಿತ್ತು!

"ಹೊಸ ಚೆಕ್ ಬರೀಬೇಕು," ಎಂದ. "ಬೆಲೆ ಬಂದು ಎಷ್ಟು ಹೊತ್ತಾಯ್ತು ಅಂತಾನೂ ಕೇಳ್ಬೇಕು. ನಿಮ್ಮಷ್ಟು ಚೆನ್ನಾಗಿ ನಂಗೆ ಬರಲ್ಲ. ಜೊತೆಗೆ ಕೂತ್ಕೋತೀರಾ?"

ಅವಳು ಫೋನ್ ತೆಗೆದು ಅವನ ಕಣ್ಣೆದುರೇ ಮ್ಯೂಟ್ ತೆಗೆದಳು.

"ಚೆನ್ನಾಗಿದ್ದೀರಾ?" ಎಂದು ಕೇಳಿದ ಅವನು.

"ಇಲ್ಲ. ಟ್ರ್ಯಾಕರ್ ಹೋಯ್ತು, ಹೊಟ್ಟೆ ಉರೀತಿದೆ. ನಿಮ್ಮ ಮೇಲೂ ಸಿಟ್ಟಿದೆ."

"ಎಷ್ಟು ದಿನ ಇರುತ್ತೆ?"

"ದಿನಾ ಬಂದು ಕೇಳಿ," ಎಂದಳು, ಅವನ ಕೈ ಹಿಡಿದುಕೊಂಡು.