ಕೆಂಚವ್ವನ ಮರಿಮಿಂಚು

ಮಿಂಚುಗಳು ಮನುಷ್ಯರ ಜೊತೆ ಮಾತಾಡುತ್ತಿದ್ದ ಕಾಲದಲ್ಲಿ ಸಿಡಿಲಗೇರಿ ಎಂಬ ರಾಜ್ಯವಿತ್ತು. ಅಲ್ಲಿ ನಡೆಯಲಾಗದವರಿಗೆಲ್ಲ ರಾಜ ಒಂದೊಂದು ಮೂರು ಗಾಲಿಯ ಬಂಡಿ ಕೊಟ್ಟಿದ್ದ. ಬಂಡಿಯ ಅಡಿಯಲ್ಲಿ ತಾಮ್ರದ ಗೂಡು, ಗೂಡಿನೊಳಗೊಂದು ಮರಿಮಿಂಚು. ಗಾಲಿ ತಿರುಗಿಸುತ್ತಿದ್ದುದು ಅದೇ.

ಒಂದು ಬೇಸಿಗೆಯಲ್ಲಿ ಧೂಮಕರ್ಣನೆಂಬ ಮಾಂತ್ರಿಕ ಕೆಂಡಗುಡ್ಡದ ಮೇಲೆ ಬಂದು ನೆಲೆಸಿದ. ಬಿಸಿಯೇ ಅವನ ಆಹಾರ. ಬಂಡಿ ಏರಿದವರ ಕಿವಿಯಲ್ಲಿ "ಇನ್ನೂ ಜೋರು, ಇನ್ನೂ ಜೋರು" ಎಂದು ಪಿಸುಗುಟ್ಟುತ್ತಿದ್ದ. ಜನ ಹಾಗೇ ಓಡಿಸಿದರು. ಗೂಡುಗಳು ಕಾದು ಕಪ್ಪಾದವು, ಮರಿಮಿಂಚುಗಳು ನಂದಿದವು, ನೂರಾರು ಜನ ಮತ್ತೆ ಮನೆಯ ಮೂಲೆ ಸೇರಿದರು. ಮಿಂಚು ನಂದದ, ತಣ್ಣಗಿರುವ ಗೂಡೊಂದು ಅವನ ಬಾಗಿಲು ಮುಟ್ಟಿದರೆ ಮಾತ್ರ ಮಾಯೆ ಮುರಿಯುತ್ತದೆ ಎಂದರು ರಾಜಗುರುಗಳು.

ಉಳಿದದ್ದು, ಆ ಪಿಸುಮಾತಿಗೆ ಕಿವಿಗೊಡದ, ಕಂಬಳಿ ನೇಯುವ ಕೆಂಚವ್ವನ ಬಂಡಿ ಒಂದೇ. ಅವಳು ಹೊರಟಳು.

"ಅವ್ವ, ನನಗೆ ಭಯ" ಎಂದಿತು ಮರಿಮಿಂಚು.

"ನನಗೂ ಭಯಾನೇ ಮಗಾ. ಸುಸ್ತಾದರೆ ಹೇಳು, ನಿಲ್ಲೋಣ."

ಮೊದಲು ಮರಳುಗಾಡು ಬಂತು. ಗಾಲಿ ಹೂತುಹೋಯಿತು. "ಇನ್ನೂ ಜೋರು!" ಎಂದಿತು ಕಿವಿಯಲ್ಲಿ ದನಿ. ಕೆಂಚವ್ವ ಬಂಡಿ ನಿಲ್ಲಿಸಿದಳು. ಹೊದ್ದಿದ್ದ ಕಂಬಳಿಯನ್ನು ಗಾಲಿಯ ಮುಂದೆ ಹಾಸಿದಳು. ಬಂಡಿ ಮೆಲ್ಲಗೆ ದಾಟಿತು.

ಆಮೇಲೆ ಕಡಿದಾದ ಏರು. ನೇರ ಹತ್ತದೆ ಓರೆಯಾಗಿ ಸುತ್ತಿ ಹತ್ತಿದಳು. ಅರ್ಧ ದಾರಿಗೆ ಗೂಡು ಮುಟ್ಟಿ ನೋಡಿದರೆ ಕೈ ಸುಟ್ಟಿತು. ಆಗ ಬಂಗಾರದ ಕೊಂಬಿನ ಜಿಂಕೆಯೊಂದು ಹಿಮದ ನೀರಿನ ಕೊಡ ಹಿಡಿದು ಬಂತು. "ಇದನ್ನು ಸುರಿ, ತಕ್ಷಣ ಹೊರಡಬಹುದು."

"ಕಾದ ತಾಮ್ರಕ್ಕೆ ತಣ್ಣೀರು ಬಿದ್ದರೆ ಬಿರಿಯುತ್ತೆ" ಎಂದಳು ಕೆಂಚವ್ವ. ಮರದ ನೆರಳಲ್ಲಿ ನಿಂತು, ಗೂಡಿನ ಕಿಂಡಿಗಳಲ್ಲಿ ಸಿಕ್ಕಿದ್ದ ಧೂಳನ್ನೂ ಉಣ್ಣೆಯ ಎಳೆಗಳನ್ನೂ ಬಿಡಿಸುತ್ತ ಕೂತಳು. ಗೂಡು ತಾನಾಗಿ ಆರಿತು. ಜಿಂಕೆ ಹೊಗೆಯಾಗಿ ಹೋಯಿತು.

ತುದಿಯ ಹತ್ತಿರ ಕಾಲು ಮುರಿದ ಹುಲಿಯೊಂದು ಬಿದ್ದಿತ್ತು. "ತಾಯಿ, ನನ್ನನ್ನೂ ಮೇಲಕ್ಕೆ ಒಯ್ಯಿ."

ಕೆಂಚವ್ವ ಬಹಳ ಹೊತ್ತು ಯೋಚಿಸಿದಳು. ಇಬ್ಬರನ್ನು ಹೊತ್ತರೆ ಮರಿಮಿಂಚು ಉಳಿಯುವುದಿಲ್ಲ. ನಡೆಯಲಾಗದೆ ಬಿದ್ದಿರುವ ಸಂಕಟ ಏನೆಂದು ಅವಳಿಗೆ ಗೊತ್ತಿತ್ತು. ಕೊನೆಗೆ ಕೈಯೂರಿ ಕೆಳಗಿಳಿದು ಬಂಡೆಗೆ ಒರಗಿದಳು.

"ನೀನು ಮೊದಲು ಹೋಗು. ಮಗಾ, ಇವನನ್ನು ತುದಿಯಲ್ಲಿ ಇಳಿಸಿ, ಗೂಡು ಆರಿದ ಮೇಲೆ ಬಾ."

ಹುಲಿಯನ್ನು ಹೊತ್ತು ಬಂಡಿ ಮರೆಯಾಯಿತು. ಅದು ಬಾರದಿದ್ದರೆ ಅವಳು ಆ ಬಂಡೆ ಬಿಟ್ಟು ಹೋಗುವಂತಿರಲಿಲ್ಲ. ಬಿಸಿಲು ಇಳಿಯಿತು. ಕಡೆಗೊಮ್ಮೆ ಗಾಲಿಯ ಸದ್ದು ಕೇಳಿತು. "ಬಂದೆ ಅವ್ವ!"

ಗೂಡು ಬಿಸಿಯಾಗದಂತೆ ಮೆಲ್ಲಗೆ ಏರಿ ಹೋದರೆ, ಮೇಲೆ ಹುಲಿ ಮಾಂತ್ರಿಕನ ಬಾಗಿಲನ್ನು ತನ್ನ ಮೈಯಿಂದ ಒತ್ತಿ ತೆರೆದು ಹಿಡಿದಿತ್ತು. "ಭಾರ ಹೇರಿ ನಿನ್ನ ಗೂಡು ಸುಡಲೆಂದೇ ಇವನು ನನ್ನನ್ನು ದಾರಿಯಲ್ಲಿ ಇಟ್ಟಿದ್ದ. ನನಗಾಗಿ ಯಾರೂ ಕೆಳಗಿಳಿದವರಿರಲಿಲ್ಲ" ಎಂದಿತು.

ಬಂಡಿಯ ಗೂಡು ಬಾಗಿಲು ಮುಟ್ಟಿತು. ಧೂಮಕರ್ಣ ಹಸಿವಿನಿಂದ ನುಗ್ಗಿ ಗೂಡನ್ನು ಎರಡೂ ಕೈಯಲ್ಲಿ ತಬ್ಬಿದ. ಅದು ಬೆಳಗಿನ ಕಲ್ಲಿನಂತೆ ತಣ್ಣಗಿತ್ತು. ಅವನ ಬೆರಳು ಬೂದಿಯಾಯಿತು, ತೋಳು ಬೂದಿಯಾಯಿತು, ಗಾಳಿ ಬೀಸಿ ಅವನೇ ಇಲ್ಲವಾದ.

ಕೆಳಗೆ ಊರೂರಲ್ಲಿ ನಂದಿದ ಗೂಡುಗಳು ಒಂದೊಂದಾಗಿ ಮಿನುಗಿದವು. ಮೂಲೆ ಸೇರಿದ್ದವರು ಬೀದಿಗೆ ಬಂದರು, ಕೆರೆಗೆ ಹೋದರು, ನೆಂಟರ ಮನೆಗೆ ಹೋದರು. ಹುಲಿಯ ಕಾಲೂ ಕೂಡಿತು. ಎಲ್ಲರೂ ಸುಖವಾಗಿದ್ದರು. ಅಂದಿನಿಂದ ಸಿಡಿಲಗೇರಿಯಲ್ಲಿ ಯಾರಾದರೂ ನೆರಳಲ್ಲಿ ಬಂಡಿ ನಿಲ್ಲಿಸಿ ಕೂತಿದ್ದರೆ, ಯಾಕೆ ನಿಂತಿರಿ ಎಂದು ಯಾರೂ ಕೇಳುವುದಿಲ್ಲ. ಪಕ್ಕದಲ್ಲಿ ಕೂತು ಮಾತಾಡುತ್ತಾರೆ.