ಹುಬ್ಬುಗಳ ನಡುವೆ

"ಈ ಫ್ರಿಜ್ಜನ್ನ ತಲೆ ಸಮೇತ ಪ್ಯಾಕ್ ಮಾಡ್ಬೇಕಾ, ಇಲ್ಲ ತಲೆ ಇಲ್ಲೇ ಇಳಿಸ್ತೀರಾ?"

ಅವಳು ಬೆಚ್ಚಿಬಿದ್ದು ತಲೆ ಎತ್ತಿದಳು. ಎತ್ತಿದ ರಭಸಕ್ಕೆ ನೆತ್ತಿ ಫ್ರಿಜ್ಜಿನ ಮೇಲಿನ ತಟ್ಟೆಗೆ ಢಣ್ಣನೆ ಬಡಿಯಿತು. ಆ ದೊಡ್ಡ ಅಂಗಡಿಯಲ್ಲಿ ಅಳುವುದಕ್ಕೆ ಅವಳು ಕಂಡುಕೊಂಡಿದ್ದ ಜಾಗ ಅದೊಂದೇ, ಹಿಂದಿನ ಉಗ್ರಾಣದಲ್ಲಿ ನಿಲ್ಲಿಸಿದ್ದ ಫ್ರಿಜ್. ಬಾಗಿಲು ತೆರೆದು, ಕೈಯಲ್ಲೊಂದು ಬಟ್ಟೆ ಹಿಡಿದು, ತಲೆ ಒಳಗಿಟ್ಟರೆ ಆಯಿತು. ನೋಡಿದವರು ಒರೆಸುತ್ತಿದ್ದಾಳೆ ಅಂದುಕೊಳ್ಳುತ್ತಿದ್ದರು.

ಎದುರು ನಿಂತಿದ್ದವನು ಮೆಕ್ಯಾನಿಕ್. ಮನೆಮನೆಗೆ ಹೋಗಿ ಫ್ರಿಜ್, ವಾಷಿಂಗ್ ಮಷೀನ್ ಕೂರಿಸಿಕೊಟ್ಟು ಬರುವವನು. ಒಂದು ಕೈಯಲ್ಲಿ ಹಗ್ಗ, ಇನ್ನೊಂದರಲ್ಲಿ ಬಾಳೆಹಣ್ಣು. ಹುಬ್ಬುಗಳ ನಡುವೆ ಅಕ್ಕಿಕಾಳಿನಷ್ಟು ಹಳೆಯ ಗಾಯದ ಗುರುತು.

"ಯಾರು ಬೈದ್ರು?"

"ಯಾರೂ ಇಲ್ಲ."

"ಹಾಗಾದ್ರೆ ಫ್ರಿಜ್ಜೇ ಬೈದಿರ್ಬೇಕು. ಹೊಸದಲ್ವಾ, ಬಾಯಿ ಜಾಸ್ತಿ."

ಅಳುವೂ ನಗುವೂ ಒಟ್ಟಿಗೇ ನುಗ್ಗಿ ಅವಳ ಮೂಗಿನಿಂದ ಗುಳ್ಳೆಯೊಂದು ಹೊರಬಂತು. ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಅವನು ಮಾತ್ರ ಕಂಡೂ ಕಾಣದವನಂತೆ ಆಚೆ ತಿರುಗಿ ಬಾಳೆಹಣ್ಣು ಸುಲಿಯತೊಡಗಿದ. ಅಷ್ಟು ಸಾಕಾಯಿತು. ಕಾಲು ಜಾರಲು ಸಿಪ್ಪೆ ಬೇಕು. ಮನಸ್ಸು ಜಾರಲು ಅದೂ ಬೇಡ.

ಅವಳದು ದೂರು ಕೌಂಟರ್. ಕೆಟ್ಟ ಮಿಕ್ಸಿ, ಬಿಸಿಯಾಗದ ಇಸ್ತ್ರಿಪೆಟ್ಟಿಗೆ ಹಿಡಿದು ಬಂದವರು ಮೊದಲು ಸಾಮಾನನ್ನು ಮೇಜಿನ ಮೇಲೆ ಕುಕ್ಕುತ್ತಿದ್ದರು, ಆಮೇಲೆ ಮಾತನ್ನು. ಆ ದಿನ ಬೆಳಿಗ್ಗೆ ಒಬ್ಬಾಕೆ, "ಶಾಲೆ ಮೆಟ್ಟಿಲು ಹತ್ತದವರನ್ನೆಲ್ಲ ತಂದು ಕೂರಿಸ್ತಾರೆ" ಅಂದಿದ್ದಳು. ಇವಳು ಎಲ್ಲರೆದುರೇ ಅತ್ತುಬಿಟ್ಟಿದ್ದಳು.

ಮ್ಯಾನೇಜರಮ್ಮ ಕರೆದು ಹೇಳಿದ್ದಳು: "ಅಳೋದಿದ್ರೆ ಮನೇಲೇ ಮುಗಿಸ್ಕೊಂಡು ಬಾ. ಕೌಂಟರಿಗೆ ಒಬ್ಬರನ್ನೇ ಕಾಯಂ ಮಾಡೋದು. ನೀನು, ಇಲ್ಲ ಆ ಕನ್ನಡಕದವಳು. ತಿಂಗಳ ಕೊನೆಗೆ ಸುಳ್ಳು ಗಿರಾಕಿ ತಂದು ಎಲ್ಲರೆದುರು ಬೈಸ್ತೀನಿ. ತಡ್ಕೊಂಡವರಿಗೆ ಕುರ್ಚಿ. ಇನ್ನೊಬ್ಬರಿಗೆ ಬಾಗಿಲು."

ಮನೆಯಲ್ಲಿ ಅಮ್ಮನ ಮೊಣಕಾಲು ಕೈಕೊಟ್ಟಿತ್ತು. ಒಲೆ ಉರಿಯುತ್ತಿದ್ದದ್ದು ಇವಳ ಸಂಬಳದಿಂದಲೇ.

ಇದನ್ನೆಲ್ಲ ಕೇಳಿ ಮೆಕ್ಯಾನಿಕ್ ಸಿಪ್ಪೆಯನ್ನು ಜೇಬಿಗೆ ತುರುಕಿಕೊಂಡ. "ಸರಿ. ನಾನೇ ಬೈತೀನಿ."

"ಯಾಕ್ರೀ, ನಾನೇನ್ ಮಾಡ್ದೆ?"

"ಅಭ್ಯಾಸಕ್ಕೆ. ದಿನಾ ಊಟ ಆದ್ಮೇಲೆ ಬಾ. ನನ್ನ ಬೈಗುಳ ಅರಗಿಸ್ಕೊಂಡ್ರೆ ಕಲ್ಲನ್ನೂ ಅರಗಿಸ್ಕೋತೀಯ."

ಹೀಗೆ ಶುರುವಾಯಿತು. ರಟ್ಟಿನ ಪೆಟ್ಟಿಗೆಗಳ ನಡುವೆ ಎದುರುಬದುರು ಕೂತು, ಬೇರೆ ಜೋಡಿಗಳು ಸಿಹಿಮಾತು ಆಡುವ ಹೊತ್ತಿಗೆ ಇವರು ಬೈದಾಡಿಕೊಂಡರು.

"ಬೈಯೋರ ಕಣ್ಣು ನೋಡ್ಬಾರ್ದು," ಅವನು ಮೊದಲ ಪಾಠ ಹೇಳಿದ. "ಕಣ್ಣು ನೋಡಿದ್ರೆ ಮಾತು ಒಳಗಿಳಿಯುತ್ತೆ. ಇಲ್ಲಿ ನೋಡು." ಗಾಯದ ಗುರುತಿನ ಮೇಲೆ ಬೆರಳಿಟ್ಟ. "ಹುಬ್ಬುಗಳ ನಡುವೆ. ಎದುರಿನವರು ಕಣ್ಣೇ ನೋಡ್ತಿದಾಳೆ ಅಂದ್ಕೋತಾರೆ. ಗುಟ್ಟು ಗೊತ್ತಿದ್ದೋರಿಗೆ ಮಾತ್ರ ಗೊತ್ತಾಗೋದು."

"ನಿಮಗ್ಯಾರು ಕಲಿಸಿದ್ದು?"

"ಒಬ್ಬ ಮನೆಯಾತ. ಮಷೀನ್ ಅಲ್ಲಾಡ್ತು ಅಂತ ಕೆನ್ನೆಗೆ ಬಾರಿಸ್ದ. ನಾನು ಅವನ ಹುಬ್ಬು ನೋಡ್ತಾ, ನಿಮ್ಮ ಮಾತು ಬರ್ಕೊಂಡಿದೀನಿ ಸರ್, ಇನ್ನೇನಾದ್ರೂ ಇದೆಯಾ ಅಂದೆ. ಅವನೇ ಕೂತ್ಕೋ ಅಂತ ಕುರ್ಚಿ ಎಳೆದುಹಾಕ್ದ!"

ಅವನು ಗಹಗಹಿಸಿ ನಕ್ಕ. ನಗುವಾಗ ಅವನ ಕೈ ತಾನಾಗಿ ಎಡಗೆನ್ನೆಗೆ ಹೋಗಿ ಬಂದದ್ದು ಅವನಿಗೆ ತಿಳಿಯಲಿಲ್ಲ. ಅವಳು ನೋಡಿದಳು. ಮಾತು ಕಡಿಮೆ ಇದ್ದವರಿಗೆ ದೇವರು ಕಣ್ಣು ಹೆಚ್ಚು ಕೊಟ್ಟಿರುತ್ತಾನೆ.

"ಏಯ್ ಅಳುಬುರುಕಿ! ನಿನ್ನ ಮುಖ ನೋಡಿದ್ರೆ ಹಾಲು ಒಡೆಯುತ್ತೆ!"

ಅವಳ ನೋಟ ಗಾಯದ ಮೇಲೆ ನಿಂತಿತು. ಒಂದು ಗಳಿಗೆ. ಎರಡು. ಆಮೇಲೆ ಮೆಲ್ಲಗೆ ಕೆಳಗಿಳಿಯಿತು.

"ಜಾರಿದೆ! ಮತ್ತೆ ಮೊದಲಿಂದ."

"ಕಣ್ಣು ನೋಡಿದ್ರೆ ಏನೀಗ?"

"ಗಿರಾಕಿ ಕಣ್ಣು ನೋಡ್ಬಾರ್ದು ಅಂದ್ನಲ್ಲ."

"ನೀವು ಗಿರಾಕಿ ಅಲ್ವಲ್ಲ."

ಬೈಗುಳದಲ್ಲಿ ಎಂದೂ ತಡವರಿಸದವನ ಕಿವಿಗಳು ಕೆಂಪಾದವು. ಅವನ ರೆಪ್ಪೆಗೊಂದು ಥರ್ಮೋಕೋಲ್ ಕಾಳು ಅಂಟಿಕೊಂಡಿತ್ತು. ರೆಪ್ಪೆ ಬಡಿದಾಗಲೆಲ್ಲ ಅದೂ ಹಾರಿ ಕೂರುತ್ತಿತ್ತು. ಅವಳು ಉಸಿರು ಬಿಗಿಹಿಡಿದು, ಎರಡು ಬೆರಳಲ್ಲಿ ಅದನ್ನು ತೆಗೆಯಹೋದಳು.

"ಅಲ್ಲಾಡ್ಬೇಡ," ಅಂದಳು.

"ಅಲ್ಲಾಡ್ಬೇಡಿ ಅಲ್ಲ, ಅಲ್ಲಾಡ್ಬೇಡ?"

"ಬಾಯಿತಪ್ಪಿ ಬಂತು."

"ದಿನಾ ತಪ್ಪಲಿ," ಅಂದ ಅವನು.

ಆಮೇಲೆ ದಿನಾ ತಪ್ಪಿತು. ಕೌಂಟರಿನಲ್ಲಿ ಅವಳು ಅಳುವುದು ನಿಂತಿತು. ಗಿರಾಕಿಗಳು ಕಿರುಚಿದರೆ ಅವಳು ಅವರ ಹುಬ್ಬುಗಳನ್ನು ನೋಡುತ್ತಿದ್ದಳು. ದಪ್ಪ ಹುಬ್ಬು, ಕೂಡುಹುಬ್ಬು, ಪೆನ್ಸಿಲಿನಲ್ಲಿ ಬರೆದ ಹುಬ್ಬು. ಅವರ ಮಾತು ಹಣೆಯಿಂದಲೇ ಜಾರಿ ಹೋಗುತ್ತಿತ್ತು.

ಒಂದು ಮಧ್ಯಾಹ್ನ ಅವನು ಕೇಳಿದ: "ನಿನಗೆ ಅತಿ ಹೆಚ್ಚು ನೋಯಿಸೋ ಮಾತು ಯಾವುದು? ಅಲ್ಲೇ ಚರ್ಮ ದಪ್ಪ ಆಗ್ಬೇಕು."

ಅವಳು ಬಹಳ ಹೊತ್ತು ಹಗ್ಗದ ತುದಿಯ ಎಳೆ ಬಿಡಿಸುತ್ತಿದ್ದಳು. ಆಮೇಲೆ ಹೇಳಿದಳು. ತರಗತಿಯಲ್ಲಿ ಎದ್ದು ನಿಂತು ಗಟ್ಟಿಯಾಗಿ ಓದು ಅಂದಿದ್ದರು. ಅಕ್ಷರ ಕಲಸಿಹೋದವು, ಆಮೇಲೆ ಲಂಗ ಒದ್ದೆಯಾಯಿತು. ಬೂಟಿನ ಸುತ್ತ ನೀರು ಹರಡಿದ್ದನ್ನು ನೋಡಿ ಇಡೀ ತರಗತಿ ನಕ್ಕಿತು. ಮರುದಿನ ಅವಳು ಶಾಲೆಗೆ ಹೋಗಲಿಲ್ಲ. ಆಮೇಲೆಂದೂ ಹೋಗಲಿಲ್ಲ.

"ಅಮ್ಮ ಆ ಲಂಗ ಒಗೆದು ಮನೆಯೊಳಗೇ ಒಣಗಿಸಿದ್ಲು. ಏನೂ ಕೇಳ್ಲಿಲ್ಲ. ಅವಳನ್ನ ಬಿಟ್ರೆ ನಿನಗೊಬ್ಬನಿಗೇ ಗೊತ್ತು."

ಅವನು ಅವಳ ಕೈಯನ್ನು ತನ್ನ ಎರಡೂ ಅಂಗೈಗಳ ನಡುವೆ ಇಟ್ಟುಕೊಂಡ. ಗ್ರೀಸ್ ವಾಸನೆಯ, ಬೆಚ್ಚನೆಯ ಕೈಗಳು. "ಇದು ನನ್ನ ಹೊಟ್ಟೆಯಲ್ಲೇ ಇರುತ್ತೆ. ಆಣೆ."

ಪರೀಕ್ಷೆಯ ದಿನ ಎಲ್ಲರೂ ಕೌಂಟರಿನ ಸುತ್ತ ಸೇರಿದರು. ಊಟದ ಡಬ್ಬಿ ಹಿಡಿದೇ ಬಂದವರೂ ಇದ್ದರು. ಬಿಟ್ಟಿ ತಮಾಷೆ ಯಾರಿಗೆ ಬೇಡ. ಸುಳ್ಳು ಗಿರಾಕಿ ಯಾರಾಗಬೇಕು ಎಂದು ಕೇಳುವ ಅಗತ್ಯವೇ ಬೀಳಲಿಲ್ಲ. ಮ್ಯಾನೇಜರಮ್ಮ ಮೆಕ್ಯಾನಿಕ್ಕಿನತ್ತ ಬೆರಳು ತೋರಿಸಿದಳು. "ಇವನ ಬಾಯಿಗೆ ಸಮ ಯಾರಿದಾರೆ? ಒಬ್ಬರಿಗೂ ದಯೆ ತೋರಿಸ್ಬೇಡ."

ಮೊದಲು ಕನ್ನಡಕದವಳು. ಅವನು ಅವಳ ಕನ್ನಡಕ, ನಡಿಗೆ, ಅಪ್ಪನ ಬುದ್ಧಿ ಎಲ್ಲವನ್ನೂ ಎಳೆದು ಬೈದ. ಅವಳು ತುಟಿಯ ಮೇಲಿನ ನಗು ಕದಲಿಸಲಿಲ್ಲ. ಮ್ಯಾನೇಜರಮ್ಮ ಮೆಚ್ಚಿ ತಲೆದೂಗಿದಳು.

ಆಮೇಲೆ ಇವಳು.

"ಏನೇ, ಮಿಕ್ಸಿ ಕೊಟ್ಯೋ ಗುಜರಿ ಕೊಟ್ಯೋ? ಓದು ಬರದ ದಂಡಪಿಂಡ!"

"ಸರ್, ಏನು ತೊಂದರೆ ಆಯ್ತು ಹೇಳಿ," ಅಂದಳು, ಗಾಯದ ಗುರುತನ್ನು ನೋಡುತ್ತ. ಅವನು ಇನ್ನಷ್ಟು ಬೈದ. ಇವಳು ನಿಂತೇ ಇದ್ದಳು. ಆದರೆ ಮ್ಯಾನೇಜರಮ್ಮನ ಕಣ್ಣು ಕನ್ನಡಕದವಳ ಕಡೆಗೇ ಹೊರಳುತ್ತಿತ್ತು. ಅದನ್ನು ಇವಳೂ ಕಂಡಳು, ಅವನೂ ಕಂಡ.

ಅವನು ಮೇಜಿನ ಮೇಲೆ ಎರಡೂ ಕೈಯೂರಿ ಬಾಗಿದ.

"ಭಯ ಆಗ್ತಿದೆಯಾ? ಶಾಲೇಲಿ ಮಾಡಿದ ಹಾಗೆ ಇಲ್ಲೂ ನಿಂತ ಜಾಗದಲ್ಲೇ ಒದ್ದೆ ಮಾಡ್ಕೋತೀಯಾ? ಹೇಳ್ಬಿಡು, ಬಕೆಟ್ ತರಿಸೋಣ!"

ಯಾರ ಡಬ್ಬಿಯಲ್ಲೋ ಚಮಚ ಬಿದ್ದ ಸದ್ದಾಯಿತು. ಆಮೇಲೆ ಹಿಂದಿನ ಸಾಲಿನಿಂದ ಕಿಸಕ್ಕೆಂದು ಒಂದು ನಗು. ಅದರ ಹಿಂದೆ ಇನ್ನೊಂದು.

ಅಕ್ಕಿಕಾಳಿನಷ್ಟು ಗಾಯ. ಅದರ ಒಂದು ಅಂಚು ಸ್ವಲ್ಪ ಬೆಳ್ಳಗಿತ್ತು. ಜಗತ್ತಿನಲ್ಲಿ ಆಗ ಅವಳಿಗಿದ್ದದ್ದು ಅಷ್ಟೇ ಜಾಗ. ಅಲ್ಲೇ ನಿಂತಳು.

"ನಿಮ್ಮ ಮಾತು ಬರ್ಕೊಂಡಿದೀನಿ, ಸರ್. ಇನ್ನೇನಾದ್ರೂ ಇದೆಯಾ?"

ಮ್ಯಾನೇಜರಮ್ಮ ಚಪ್ಪಾಳೆ ತಟ್ಟಿದಳು. "ಇದು! ಇದಕ್ಕೆ ಹೇಳೋದು ಗುಂಡಿಗೆ ಅಂತ!" ಕನ್ನಡಕದವಳು ಡ್ರಾಯರಿನಿಂದ ತನ್ನ ಬಾಚಣಿಗೆ, ನೀರಿನ ಬಾಟಲಿ ತೆಗೆದುಕೊಂಡು ಯಾರಿಗೂ ಹೇಳದೆ ಹೋದಳು.

ಮರುದಿನ ಬೆಳಿಗ್ಗೆ ಇವಳ ಹೊಸ ಕುರ್ಚಿಗೆ ನೆಲ ಒರೆಸುವ ಕೋಲು ಒರಗಿತ್ತು. ಸುತ್ತಲಿನ ತಲೆಗಳೆಲ್ಲ ಬಗ್ಗಿ ತಮ್ಮ ತಮ್ಮ ಕೆಲಸದಲ್ಲಿ ಮುಳುಗಿದ್ದವು. ಭುಜಗಳು ಮಾತ್ರ ಕುಲುಕುತ್ತಿದ್ದವು. ಅವಳು ಕೋಲನ್ನು ಗೋಡೆಗೆ ಸರಿಸಿ ಕೂತಳು. "ಮುಂದಿನವರು ಬನ್ನಿ," ಅಂದಳು.

ಸಂಜೆ ಉಗ್ರಾಣದಲ್ಲಿ ಅವನು ಕಾಯುತ್ತಿದ್ದ. ಒಗೆದ ಅಂಗಿ, ಒದ್ದೆ ಮಾಡಿ ಬಾಚಿದ ತಲೆ.

"ಬಂದ್ಳಪ್ಪ ಕೌಂಟರ್ ರಾಣಿ! ಏನು, ಮುಖ ಹೀಗಿದೆ? ಕೋಲು ಇಟ್ಟಿದ್ರಂತೆ? ಬಿಡು, ಎರಡು ದಿನ ನಗ್ತಾರೆ, ಬಾಯಿ ನೋಯುತ್ತೆ, ಸುಮ್ನಾಗ್ತಾರೆ."

ಅವಳು ಪೆಟ್ಟಿಗೆಯ ಮೇಲಿದ್ದ ಒರೆಸುವ ಬಟ್ಟೆ ಎತ್ತಿಕೊಂಡಳು.

"ಕೋಪಾನಾ? ಕನ್ನಡಕದವಳು ಗೆಲ್ತಾ ಇದ್ಲು, ನೀನೇ ನೋಡ್ದೆ. ಅದಕ್ಕಿಂತ ದೊಡ್ಡ ಮಾತು ನನ್ನ ಹತ್ರ ಇರ್ಲಿಲ್ಲ. ನೀನು ತಡ್ಕೋತೀಯ ಅಂತ ಗೊತ್ತಿತ್ತು."

"ಹೇಗೆ ಗೊತ್ತಿತ್ತು?"

"ನಾನೇ ಅಲ್ವಾ ಕಲಿಸಿದ್ದು?"

ಅದು ಸುಳ್ಳಾಗಿರಲಿಲ್ಲ. ಅವಳ ಕುರ್ಚಿ, ಅಮ್ಮನ ಔಷಧಿ, ಒಲೆಯ ಬೆಂಕಿ, ಎಲ್ಲವೂ ಅವನು ಆಡಿದ ಆ ಒಂದು ಮಾತಿನ ಮೇಲೆ ನಿಂತಿದ್ದವು. ಅದೇ ಎಲ್ಲಕ್ಕಿಂತ ಕೆಟ್ಟದ್ದು.

ಅವನು ಒಂದು ಹೆಜ್ಜೆ ಹತ್ತಿರ ಬಂದ. ದನಿ ತಗ್ಗಿತು. "ನನಗೆ ನೇರವಾಗಿ ಹೇಳೋಕೆ ಬರಲ್ಲ. ಬೈಯೋಕಾದ್ರೆ ಬರುತ್ತೆ. ನೀನಿಲ್ದೆ ಇದ್ರೆ ನನಗೆ ಊಟ ಸೇರಲ್ಲ. ನಾಳೆ ನಿಮ್ಮಮ್ಮನ್ನ ನೋಡೋಕೆ ಬರ್ಲಾ?"

ಈ ಮಾತಿಗಾಗಿ ಅವಳು ಎಷ್ಟು ಮಧ್ಯಾಹ್ನ ಕಾದಿದ್ದಳು! ಕನಸಿನಲ್ಲಿ ಅವನು ಇದನ್ನೇ ಹೇಳುತ್ತಿದ್ದ, ಇದೇ ಪೆಟ್ಟಿಗೆಗಳ ನಡುವೆ. ಅವಳು ಮುಖವೆತ್ತಿ ಅವನನ್ನು ನೋಡಿದಳು.

ಅವನ ಮುಖ ಅರಳಿತು. ಅರಳಿದ್ದು ಅರ್ಧಕ್ಕೇ ನಿಂತಿತು. ಕೈ ಮೆಲ್ಲಗೆ ಮೇಲೆದ್ದು ಹುಬ್ಬುಗಳ ನಡುವಿನ ಗಾಯವನ್ನು ಮುಟ್ಟಿತು, ಅಲ್ಲೇನೋ ಚುಚ್ಚುತ್ತಿದೆ ಎಂಬಂತೆ.

"ಅಳುಬುರುಕಿ," ಅಂದ. "ಕೆಳಗೆ ನೋಡು."

ಒಂದು ಬೆರಳಗಲ ಕೆಳಗೆ ಆ ಕಣ್ಣುಗಳಿದ್ದವು. ರೆಪ್ಪೆಯ ಮೇಲೆ ಇಂದೂ ಒಂದು ಬಿಳಿಯ ಕಾಳು ಇತ್ತೋ ಏನೋ. ನೋಟ ಅಲ್ಲಿಗೆ ಇಳಿದರೆ ತಾನು ಅತ್ತುಬಿಡುತ್ತೇನೆ, ಅವನು ಒರೆಸುತ್ತಾನೆ, ಎಲ್ಲ ಸರಿಹೋಗುತ್ತದೆ ಎಂದು ಅವಳಿಗೆ ಗೊತ್ತಿತ್ತು. ಮುಂದೆ ಎಂದಾದರೂ, ಅವಳ ಒಳ್ಳೆಯದಕ್ಕೇ, ಅವನು ಮತ್ತೆ ನಾಲ್ಕು ಜನರೆದುರು ಅವಳನ್ನು ಬಿಚ್ಚಿಡುತ್ತಾನೆ ಎಂಬುದೂ ಗೊತ್ತಿತ್ತು. ತಾನು ತಿಂದ ಏಟಿನ ಕತೆ ಹೇಳುವಾಗಲೂ ಅವನು ನಗುತ್ತಾನೆ, ಕೈ ಮಾತ್ರ ತಾನಾಗಿ ಎಡಗೆನ್ನೆಗೆ ಹೋಗಿ ಬರುತ್ತದೆ.

"ನಿಮ್ಮ ಮಾತು ಬರ್ಕೊಂಡಿದೀನಿ, ಸರ್," ಅಂದಳು. "ಇನ್ನೇನಾದ್ರೂ ಇದೆಯಾ?"

"ನಾನು ಗಿರಾಕಿ ಅಲ್ವಲ್ಲ," ಅಂದ ಅವನು. ಅಂಥ ಸಣ್ಣ ದನಿ ಅವನ ಬಾಯಲ್ಲಿ ಅವಳೆಂದೂ ಕೇಳಿರಲಿಲ್ಲ.

ಅವಳ ನೋಟ ಕದಲಲಿಲ್ಲ. ಅವನು ಚೆನ್ನಾಗಿಯೇ ಕಲಿಸಿದ್ದ.

ಅವನ ಹೆಜ್ಜೆಯ ಸದ್ದು ಪೂರ್ತಿ ಅಡಗಿದ ಮೇಲೆ ಅವಳು ಫ್ರಿಜ್ಜಿನ ಬಾಗಿಲು ತೆರೆದಳು. ತಲೆ ಒಳಗಿಟ್ಟು ಕಾದಳು. ಬಹಳ ಹೊತ್ತು ಕಾದಳು. ಏನೂ ಬರಲಿಲ್ಲ.

ಕೈಯಲ್ಲಿ ಬಟ್ಟೆ ಇತ್ತು. ಮೇಲಿನ ತಟ್ಟೆಯಲ್ಲಿ ಧೂಳು ಕೂತಿತ್ತು. ಅದನ್ನು ಒರೆಸಿ, ಕೆಳಗಿನದನ್ನೂ ಒರೆಸಿ, ಬಾಗಿಲು ಹಾಕಿದಳು.