ಹದಿನಾಲ್ಕು ಚುಕ್ಕಿ

ಪ್ರೊಫೆಸರ್ ಕಡ್ವಾಲಡರ್ ತೀರಿಕೊಂಡ ಹದಿನೇಳನೆಯ ದಿನ, ಅವರ ದನಿ ಕೇಳಿ ಮಾರೆಡ್ ಬಾಗಿಲಲ್ಲೇ ಕಲ್ಲಾಗಿ ನಿಂತಳು.

“ಹ್ಹಂ... ಊಹಿಸೋನು ಕಳ್ಳ, ಓದೋನು ಪಂಡಿತ. ನೀನು ಎರಡೂ ಅಲ್ಲ. ಹೋಗಿ ಟೀ ತಗೊಂಡ್ಬಾ.”

ದನಿ ನನ್ನದು. ಅವರ ಖಾಲಿ ಕುರ್ಚಿಗೆ ಕೇಳಲೆಂದು ಆಡಿದ್ದೆ. ಹತ್ತು ವರ್ಷ ತಪ್ಪದೆ ಸಿಕ್ಕುತ್ತಿದ್ದ ಬೈಗುಳ ಒಂದು ದಿನ ನಿಂತುಹೋದರೆ ಕಿವಿಗೂ ಹಸಿವಾಗುತ್ತದೆ.

ತಿರುಗಿ ನೋಡಿದೆ. ಹಸಿರು ಸ್ವೆಟರು, ಎದೆಗವಚಿದ ಫೈಲು, ಬಿಳಿಚಿಕೊಂಡ ಮುಖ.

“ಈಗ... ಈಗ ಮಾತಾಡಿದ್ದು ಯಾರು?”

“ನಾನೇ. ಇದ್ವಾಲ್ ಅಂತ. ಅವರ ಸಹಾಯಕ. ಕ್ಷಮಿಸಿ, ಯಾರೂ ಇಲ್ಲ ಅಂದ್ಕೊಂಡು...”

“ಥೂ ನಿಮ್ಮ! ಜೀವ ಬಾಯಿಗೆ ಬಂತು.” ಅವಳು ಕುರ್ಚಿಗೆ ಒರಗಿ ಕಣ್ಣೊರೆಸಿಕೊಂಡಳು. ಆಮೇಲೆ ತಲೆ ಓರೆ ಮಾಡಿ, “ಆ ‘ಹ್ಹಂ’ ಇನ್ನೂ ಸ್ವಲ್ಪ ಮೂಗಿಂದ ಬರ್ಬೇಕು. ನಾನೂ ಅವರ ಶಿಷ್ಯೆನೇ,” ಎಂದಳು.

ವೇಲ್ಸಿನ ಉತ್ತರದ ಮೋನ್ ದ್ವೀಪದವಳು. ಪ್ರೊಫೆಸರು ಅರ್ಧಕ್ಕೆ ಬಿಟ್ಟುಹೋದ ಪುಸ್ತಕವನ್ನು ನನ್ನೊಡನೆ ಮುಗಿಸಲು ಕಡಲ ದಂಡೆಯ ನಮ್ಮೂರು ಅಬರಿಸ್ಟ್ವಿತ್‌ಗೆ ಬಂದಿದ್ದಳು. ಆರುನೂರು ವರ್ಷದ ಹಿಂದೆ ಯಾವನೋ ವೈದ್ಯ ನಮ್ಮ ವೆಲ್ಷ್ ಭಾಷೆಯಲ್ಲಿ ಬರೆದಿಟ್ಟ ಮದ್ದಿನ ಹಸ್ತಪ್ರತಿ ಅದು. ಅರ್ಧ ಮದ್ದು ರೋಗಿಗಳು ತಿಂದಿದ್ದರು, ಉಳಿದರ್ಧ ಇಲಿಗಳು.

ಬೆಟ್ಟದ ಮೇಲಿನ ಗ್ರಂಥಾಲಯದಲ್ಲಿ ನಮಗೊಂದು ಪುಟ್ಟ ಕೋಣೆ ಕೊಟ್ಟಿದ್ದರು. ಕೆಳಗಿನ ವಾಚನಾಲಯದಲ್ಲಿ ಸೀನಿದರೂ ನಲವತ್ತು ಕಣ್ಣು ಮೇಲೇಳುತ್ತವೆ. ನಮ್ಮ ಕೆಲಸಕ್ಕೆ ಬಾಯಿ ಬೇಕಿತ್ತು. ಒಬ್ಬರು ಅಚ್ಚಿನ ಕರಡನ್ನು ಗಟ್ಟಿಯಾಗಿ ಓದಬೇಕು. ಇನ್ನೊಬ್ಬರು ಹಸ್ತಪ್ರತಿಯ ಮೇಲೆ ಕಣ್ಣಿಟ್ಟು ಕೇಳಬೇಕು. ತಪ್ಪಿದ್ದರೆ ಪೆನ್ಸಿಲಿನಿಂದ ಮೇಜಿಗೆ ಒಂದು ತಟ್ಟು. ಸರಿಯಿದ್ದರೆ ಮಾತಿಲ್ಲ. ಇಲಿ ತಿಂದ ಕಡೆ ಎಷ್ಟು ಅಕ್ಷರ ಹೋಗಿರಬಹುದೋ ಅಷ್ಟು ಚುಕ್ಕಿ. ಆ ಚುಕ್ಕಿಗಳನ್ನೂ ಒಂದೊಂದಾಗಿ ಓದಬೇಕು. ಇದೆಲ್ಲ ಪ್ರೊಫೆಸರರ ಕಟ್ಟಳೆ.

ನಾನು ಓದುವವನು, ಅವಳು ಕೇಳುವವಳು. ಎರಡು ವರ್ಷ, ಪ್ರತಿ ಸೋಮವಾರ.

ಹಲ್ಲುನೋವಿನ ಮದ್ದನ್ನು ರೇಡಿಯೋದ ಹವಾಮಾನದವನ ದನಿಯಲ್ಲಿ ಓದುತ್ತಿದ್ದೆ. “ಪಶ್ಚಿಮದ ದವಡೆಯಲ್ಲಿ ಭಾರೀ ಊತ, ಸಂಜೆಯ ಹೊತ್ತಿಗೆ ಕೀವು ಬೀಳುವ ಸಂಭವ...”

ಟಕ್.

“ಅಲ್ಪವಿರಾಮ ನುಂಗಿದ್ರಿ.”

“ಹಸಿವಾಗಿತ್ತು.”

“ಪೂರ್ಣವಿರಾಮಾನೂ ನುಂಗಿಬಿಡಿ. ಈ ಕೆಲಸ ಮುಗಿಯೋದೇ ಬೇಡ.”

ಹಾಗೆಂದವಳು ಥಟ್ಟನೆ ಹಸ್ತಪ್ರತಿಯ ಮೇಲೆ ಬಗ್ಗಿದಳು. ಕಿವಿಯ ತುದಿ ಕೆಂಪಾಗಿತ್ತು. ಹೀಟರಿನ ಕಾವಿಗಿರಬಹುದು ಎಂದುಕೊಂಡೆ. ಆಮೇಲೆ ನೋಡಿದರೆ ಹೀಟರು ಹಚ್ಚಿರಲೇ ಇಲ್ಲ.

ತಟ್ಟುವ ಮುಂಚೆ ಅವಳ ಎಡಹುಬ್ಬು ಒಂದು ಕೂದಲೆಳೆಯಷ್ಟು ಮೇಲೇರುತ್ತಿತ್ತು. ಅದನ್ನು ನೋಡಲೆಂದೇ ನಾನು ಬೇಕುಬೇಕೆಂದು ತಪ್ಪು ಓದುತ್ತಿದ್ದೆ. ಅವಳಿಗೆ ಗೊತ್ತಿತ್ತೋ ಏನೋ. ಕೆಲವು ಸಲ ಹುಬ್ಬು ಏರಿಸಿ, ತಟ್ಟದೆ, ಸುಮ್ಮನೆ ನನ್ನನ್ನೇ ನೋಡುತ್ತಿದ್ದಳು.

ವಾರದ ಉಳಿದ ಆರು ದಿನ ನನಗೆ ಯಾರೂ ಇರಲಿಲ್ಲ.

ಸಂಜೆ ಕಡಲ ದಂಡೆಯ ರಸ್ತೆಯಲ್ಲಿ ಕೊನೆಯವರೆಗೂ ನಡೆಯುತ್ತಿದ್ದೆ. ಅಲ್ಲೊಂದು ಕಬ್ಬಿಣದ ಕಂಬಿಯಿದೆ. ಅಲ್ಲಿವರೆಗೆ ಹೋದವರು ಅದನ್ನೊಮ್ಮೆ ಒದ್ದೇ ಹಿಂತಿರುಗಬೇಕು. ಯಾಕೆಂದು ನಮ್ಮೂರಲ್ಲಿ ಯಾರೂ ಕೇಳುವುದಿಲ್ಲ. ಜೋಡಿಗಳು ನಗುತ್ತಾ ಒದೆಯುತ್ತವೆ. ನಾನು ಶಿಸ್ತಾಗಿ ಒದ್ದು, ಷೂಸಿನ ಮರಳು ಕೊಡವಿ, ರೂಮಿಗೆ ಬರುತ್ತಿದ್ದೆ.

ಒಂದು ಬೆಳಿಗ್ಗೆ ಮನೆಯೊಡತಿ ನೆರಿಸಮ್ಮ ತಿಂಡಿ ಬಡಿಸುತ್ತಾ ಕೇಳಿದರು: “ನಿನ್ನೆ ಸಂಜೆ ನಿನ್ನ ರೂಮಲ್ಲಿ ಅಷ್ಟೊಂದು ಜನ ಮಾತಾಡ್ತಿದ್ರಲ್ಲ ಮಗು, ಒಬ್ರಿಗೂ ಟೀ ಬೇಡ್ವಾಗಿತ್ತಾ?”

“ಬೇಡ್ವಂತೆ ನೆರಿಸಮ್ಮ.”

ಯಾರೂ ಬಂದಿರಲಿಲ್ಲ.

ಸೆಪ್ಟೆಂಬರಿನ ಮೊದಲ ಸೋಮವಾರ ಮಾರೆಡ್ ಕೋಟು ಬಿಚ್ಚದೆಯೇ ಹೇಳಿದಳು. “ಫ್ರಾನ್ಸಲ್ಲಿ, ಬ್ರಿಟನಿ ಸೀಮೆಯಲ್ಲಿ ಕೆಲಸ ಸಿಕ್ತು. ರೆನ್ ಊರಿನ ಕಾಲೇಜು. ಮುಂದಿನ ವಾರ ಶನಿವಾರ ಹೊರಡ್ತೀನಿ.”

“ಒಳ್ಳೇದು,” ಎಂದೆ. “ಅಲ್ಲಿಯವರ ಬ್ರೆಟನ್ ನಮ್ಮ ಭಾಷೆಗೆ ತಂಗಿ ತಾನೇ. ಚಿಕ್ಕಮ್ಮನ ಮನೆಗೆ ಹೋದ ಹಾಗೆ.”

“ಅಷ್ಟೇನಾ?”

“ಚಿಕ್ಕಮ್ಮನ ಊರಲ್ಲಿ ಚಳಿ ಕಮ್ಮಿ ಅಂತಾರೆ.”

“ಹ್ಞೂ, ಅಂತಾರೆ,” ಎಂದು ಪೆನ್ಸಿಲ್ ಕೆತ್ತಲು ಕುಳಿತಳು. ಅದು ಚೂಪಾಗಿಯೇ ಇತ್ತು.

ಹಸ್ತಪ್ರತಿಯ ಕೊನೆಯ ಎಲೆಯೊಂದು ಮುಂದಿನ ಸೋಮವಾರಕ್ಕೆ ಉಳಿಯಿತು. ಅದರ ಕೊನೆಯ ಸಾಲು ನನಗೆ ಬಾಯಿಪಾಠ. ‘ನಾಲಿಗೆ ಕಟ್ಟಿಹೋದವನಿಗೆ ಮದ್ದು: ಜೇನು, ಪುದೀನ, ಹಳೆಯ ಬಿಯರು. ಮೂರು ಬೆಳಗು ಕುಡಿಸು. ಬಳಿಕ ಅವನು ಹೇಳುವನು...’ ಅಲ್ಲಿಗೆ ಇಲಿ. ಹದಿನಾಲ್ಕು ಅಕ್ಷರದ ತೂತು.

ಇಡೀ ವಾರ ಆ ತೂತಿಗೆ ನನ್ನದೊಂದು ಮಾತು ಹೊಂದಿಸುತ್ತಾ, ಅಕ್ಷರಕ್ಕೊಂದು ಬೆರಳು ಮಡಚುತ್ತಾ ಕಂಬಿಯವರೆಗೆ ನಡೆದೆ. ಹದಿನಾರು ಆಗುತ್ತಿತ್ತು, ಹನ್ನೊಂದಾಗುತ್ತಿತ್ತು. ಭಾನುವಾರ ಸಂಜೆ, ಕಂಬಿಗೆ ಒದೆಯುವ ಹೊತ್ತಿಗೆ, ಸರಿಯಾಗಿ ಕೂತಿತು.

ಸೋಮವಾರ ಮುಚ್ಚುವ ಹೊತ್ತಿನವರೆಗೂ ಒಂದೂ ತಟ್ಟಿಲ್ಲ. ಕೊನೆಯ ಸಾಲಿಗೆ ಬಂದೆ. ಎಂದಿನಂತೆ ಬೇರೆಯವರ ದನಿಯ ಕೋಟಿನೊಳಗೆ ನುಸುಳಿದೆ.

“ಹ್ಹಂ... ಬಳಿಕ ಅವನು ಹೇಳುವನು: ನೀನಿ—”

ಟಕ್.

“ಪ್ರೊಫೆಸರ್ ಬೇಡ,” ಎಂದಳು. “ಇಲ್ಲದ್ದನ್ನ ಸೇರಿಸೋರಲ್ಲ ಅವರು.”

“ಹವಾಮಾನದವನಾಗಿ ಓದ್ಲಾ?”

“ಎರಡು ವರ್ಷದಲ್ಲಿ ಊರಿಗೆ ಊರೇ ಬಂದು ನನ್ನೆದುರು ಓದಿಹೋಯ್ತು. ನೀವೊಬ್ರೇ ಬಾಕಿ.”

ಎಡಹುಬ್ಬು ಏರಿರಲಿಲ್ಲ. ಕಣ್ಣು ಮಾತ್ರ ನನ್ನ ಮೇಲಿತ್ತು, ಹಸ್ತಪ್ರತಿಯ ಮೇಲಲ್ಲ.

ನನ್ನ ದನಿ ನನಗೇ ಪರಿಚಯವಿರಲಿಲ್ಲ. ತೆಳ್ಳಗೆ, ಸ್ವಲ್ಪ ಬಿರುಕು ಬಿಟ್ಟು ಹೊರಬಂತು.

“ಬಳಿಕ ಅವನು ಹೇಳುವನು: ನೀನಿಲ್ಲದ ಸೋಮವಾರವೇ ನನಗೆ ಬೇಡ.”

ಕಿಟಕಿಯಾಚೆ ಕಡಲಹಕ್ಕಿಯೊಂದು ಕೂಗಿ ಸುಮ್ಮನಾಯಿತು. ಅವಳ ಕೈ ಮೇಜಿನಡಿ ಇಳಿಯಿತು. ಮತ್ತೆ—

ಟಕ್.

ಸದ್ದು ಮೇಜಿನದಲ್ಲ, ನೆಲದ್ದು. ಪೆನ್ಸಿಲು ಉರುಳಿ ನನ್ನ ಷೂಸಿಗೆ ತಾಗಿತು. ತಟ್ಟಿದ್ದೋ, ಬಿದ್ದದ್ದೋ? ಕೇಳಬೇಕೆನ್ನುವಷ್ಟರಲ್ಲಿ ಮುಚ್ಚುವ ಗಂಟೆ ಹೊಡೆಯಿತು, ಬೀಗದ ಕೈಯವನು ಬಾಗಿಲಲ್ಲಿ ನಿಂತ. ಅವಳು ಕೋಟು ತೊಟ್ಟಳು.

“ಅಚ್ಚಿನಲ್ಲಿ ಚುಕ್ಕಿ ಹಾಗೇ ಇರ್ಲಿ, ಇದ್ವಾಲ್,” ಎಂದು ಮೆಲ್ಲಗೆ ಹೇಳಿ ಹೋದಳು.

ಹಾಗೇ ಇರಲಿ. ಅಂದರೆ, ತುಂಬಬೇಡ. ನನಗೆ ಅರ್ಥವಾಯಿತು ಎಂದುಕೊಂಡೆ. ಶನಿವಾರ ಸ್ಟೇಷನ್ನಿಗೆ ಹೋಗಲಿಲ್ಲ. ಕಂಬಿಯ ಹತ್ತಿರ ನಿಂತು ಒಂಬತ್ತೂವರೆಯ ರೈಲಿನ ಕೂಗು ಕೇಳಿಸಿಕೊಂಡೆ. ಆ ದಿನ ಒದೆಯಲು ಮನಸ್ಸಾಗಲಿಲ್ಲ.

ಆ ಚಳಿಗಾಲ ನೆರಿಸಮ್ಮನಿಗೆ ನನ್ನ ರೂಮಿನಿಂದ ಒಂದು ದನಿಯೂ ಕೇಳಿಸಲಿಲ್ಲ. “ನಿನ್ನ ನೆಂಟ್ರೆಲ್ಲ ಎಲ್ಲಿ ಹೋದ್ರು?” ಎಂದರು. ಪ್ರೊಫೆಸರರ ‘ಹ್ಹಂ’ ಕೂಡ ಬಾಯಿಗೆ ಬರುತ್ತಿರಲಿಲ್ಲ. ಸೋಮವಾರ ಕೋಣೆಗೆ ಹೋಗಿ ಕೂರುತ್ತಿದ್ದೆ. ಅವಳ ಪೆನ್ಸಿಲು ಜೇಬಿನಲ್ಲಿರುತ್ತಿತ್ತು. ತುದಿಯಲ್ಲಿ ಹಲ್ಲಿನ ಗುರುತು. ಪತ್ರ ಬರೆಯಲು ಅದನ್ನೇ ಹಿಡಿಯುತ್ತಿದ್ದೆ. ‘ಪ್ರಿಯ ಮಾರೆಡ್’ ಆದಮೇಲೆ ಬರೀ ಚುಕ್ಕಿ.

ಪುಸ್ತಕ ಮಾರ್ಚ್ ಒಂದಕ್ಕೆ, ನಮ್ಮ ನಾಡಹಬ್ಬವಾದ ಸಂತ ಡೇವಿಡರ ಹಬ್ಬದ ದಿನ ಬಂತು. ಅದೂ ಸೋಮವಾರ. ನೆರಿಸಮ್ಮನ ಕುರಿಸಾರು ಮನೆಯೆಲ್ಲ ಘಮಘಮಿಸುತ್ತಿತ್ತು. ಹೊಸ ಅಂಟಿನ ವಾಸನೆಯ ಆ ದಪ್ಪ ಪುಸ್ತಕದ ಕೊನೆಯ ಪುಟ ತೆರೆದೆ. ಹದಿನಾಲ್ಕು ಚುಕ್ಕಿ, ಇರುವೆ ಸಾಲಿನ ಹಾಗೆ, ಎಲ್ಲಿಗೂ ಹೋಗದೆ ನಿಂತಿದ್ದವು.

“ಇದ್ವಾಲ್!” ನೆರಿಸಮ್ಮ ಪಡಸಾಲೆಯಿಂದ ಕೂಗಿದರು. “ಫ್ರಾನ್ಸಿಂದ ಫೋನು! ಈ ಸಲ ನಿಜವಾಗ್ಲೂ ಮನುಷ್ಯರು!”

ಪುಸ್ತಕ ಹಿಡಿದುಕೊಂಡೇ ಓಡಿದೆ.

“ಬಂತಾ ಪುಸ್ತಕ?” ಆ ದನಿ.

“ಬಂತು. ಚುಕ್ಕಿ ಹಾಗೇ ಇದೆ. ನೀವು ಹೇಳಿದ ಹಾಗೆ.”

“ಮತ್ತೇನು, ಅಚ್ಚು ಹಾಕ್ಸಿ ಪಂಡಿತರಿಗೆಲ್ಲ ಹಂಚ್ಬೇಕಿತ್ತಾ ಆ ಮಾತನ್ನ? ಐದೂವರೆ ತಿಂಗಳಾಯ್ತು ಮಾರಾಯ. ಒಂದು ಕಾಗದ ಇಲ್ಲ, ಫೋನ್ ಇಲ್ಲ. ನಾನು ತಟ್ಟಲಿಲ್ವಲ್ಲ? ಇನ್ನೆಷ್ಟು ಗಟ್ಟಿಯಾಗಿ ಹೇಳ್ಬೇಕಿತ್ತು?”

“ಸದ್ದಾಯ್ತು. ಪೆನ್ಸಿಲ್ ಬಿತ್ತು.”

“ಬೀಳ್ಲಿಲ್ಲ, ನಾನೇ ಬಿಟ್ಟೆ. ನೀನು ಹೇಳಿದ್ದನ್ನ ಮೇಜಿನಡಿ ಬೆರಳಲ್ಲಿ ಎಣಿಸ್ತಾ ಇದ್ದೆ. ಸರಿಯಾಗಿ ಹದಿನಾಲ್ಕು. ಕೈಯಲ್ಲಿ ಪೆನ್ಸಿಲ್ ಇಟ್ಕೊಂಡು ಎಣಿಸೋಕಾಗತ್ತಾ?”

ಪಡಸಾಲೆಯ ಗೋಡೆಗೆ ಒರಗಿದೆ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತ್ತು, ನೆರಿಸಮ್ಮ ಕಿವಿಯಾಗಿದ್ದರು.

“ಇವತ್ತು ನಾನು ಓದ್ತೀನಿ,” ಎಂದಳು ಮಾರೆಡ್. “ನೀನು ಕೇಳು. ತಪ್ಪಿದ್ರೆ ತಟ್ಟು. ಪೆನ್ಸಿಲ್ ಇದೆಯಾ?”

“ನಿನ್ನದೇ ಇದೆ.” ಪುಸ್ತಕ ಕಂಕುಳಿಗಿಟ್ಟು ಜೇಬಿನಿಂದ ತೆಗೆದೆ.

ಅವಳು ಉಸಿರೆಳೆದುಕೊಂಡದ್ದು ಕೇಳಿಸಿತು. ಆಮೇಲೆ ಒಂದೊಂದೇ ಅಕ್ಷರವನ್ನು ಬಿಡಿಸಿ ಬಿಡಿಸಿ ಓದಿದಳು.

“ಬಳಿಕ ಅವಳು ಹೇಳುವಳು: ಸೋಮವಾರಕ್ಕೆ ಮೊದಲೇ ನೀನು ಬಂದುಬಿಡು.”

ಎಣಿಸಬೇಕಿತ್ತು. ಪೆನ್ಸಿಲು ಬಿಟ್ಟೆ.